ಆಟಿಯಲ್ಲಿ ಏಳನೆಯ ಎಲೆ

ನನ್ನ ಭಾವ ಚೆನ್ನಯನಷ್ಟು ಪಾಪದ, ಸಾಧು ಮನುಷ್ಯ ಡೊಂಬಿವಲಿಯಲ್ಲಿ ಇನ್ನೊಬ್ಬನಿಲ್ಲ. ತಂಗಿಯ ಗಂಡನೆಂದು ಹೊಗಳುತ್ತಿದ್ದೇನೆ ಎನ್ನಬೇಡಿ, ಮದುವೆಯ ಹೊಸತರಲ್ಲಿ ನನಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಮುಲ್ಕಿಯ ಕಡೆ ಅವನ ಅಪ್ಪ ತೆಂಗಿನ ಮರ ಹತ್ತಿ ಕಳ್ಳು ಇಳಿಸುತ್ತಿದ್ದವರು, ಒಂದು ದಿನ ಮರದಿಂದ ಬಿದ್ದು ತೀರಿಕೊಂಡರು. ಚೆನ್ನಯ ಹದಿನೈದಕ್ಕೇ ಮುಂಬೈ ಬಸ್ಸು ಹತ್ತಿದ. ಹೋಟೆಲಿನಲ್ಲಿ ಲೋಟ ತೊಳೆದು, ದೋಸೆ ಹೊಯ್ದು, ಕಡೆಗೆ ತುರ್ಭೆಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವನಾಗಿ ನಿಂತ. ಅಪ್ಪನ ಕಸುಬಿನ ಸುದ್ದಿ ಎತ್ತಿದರೆ ತಲೆ ತಗ್ಗಿಸುತ್ತಿದ್ದ.

ಮಗ ಒಬ್ಬನೇ, ಯತಿನ್. ಉಣ್ಣಲು ಕೂತರೆ ಏಳುವ ಪೈಕಿಯೇ ಅಲ್ಲ. "ಬೇಗ ಉಣ್ಣು ಮಾರಾಯ, ನಿನ್ನ ಲೋಕಲ್ ರೈಲು ಕಲ್ಯಾಣಕ್ಕೆ ಹೋಗಿ ತಿರುಗಿ ಬಂತು!" ಎಂದು ನಾನು ರೇಗಿಸಿದರೆ, "ದೂಸ್ರಾ ಆಯೇಗಾ ಮಾಮಾ" ಎಂದು, ಇನ್ನೊಂದು ಬರುತ್ತದೆ ಬಿಡಿ ಎಂಬಂತೆ, ನಿಧಾನಕ್ಕೆ ಉಣ್ಣುತ್ತಿದ್ದ. ಅಡುಗೆ ಕಲಿತು ಸರಕಿನ ಹಡಗು ಸೇರಿದ. ಏಳು ವರ್ಷದ ಹಿಂದೆ ಪೆಸಿಫಿಕ್ ಸಾಗರದ ನಡುವೆ ಅವನ ಅಪೆಂಡಿಕ್ಸ್ ಒಡೆಯಿತು. ಹಡಗು ಕಿರಿಬಾಟಿ ದೇಶದ ತಾರಾವಾ ದ್ವೀಪ ಮುಟ್ಟುವಷ್ಟರಲ್ಲಿ ಹುಡುಗ ಮುಗಿದಿದ್ದ. ಶವ ತರಲು ವಿಮಾನದ ಏರ್ಪಾಡು ಆಗಲಿಲ್ಲ. ಹಡಗಿನಲ್ಲಿ ಜೊತೆಗಿದ್ದ ತಿಯೋಟಿ ಅದೇ ದ್ವೀಪದವನು. ಅಲ್ಲಿ ಸತ್ತವರನ್ನು ಮನೆಯ ಪಕ್ಕದಲ್ಲೇ ಹೂಳುವ ಪದ್ಧತಿ. ತಿಯೋಟಿ ತನ್ನ ಅಪ್ಪನ ಗೋರಿಯ ಬಗಲಲ್ಲಿ ಯತಿನನನ್ನು ಮಲಗಿಸಿದ.

ಅಲ್ಲಿಂದ ಚೆನ್ನಯನಿಗೆ ಆ ದೇಶದ ಹುಚ್ಚು. ಕ್ಯಾಂಟೀನಿನ ಗೋಡೆಗೆ ಭೂಪಟ ಅಂಟಿಸಿದ. ಅಲ್ಲಿ ಸಂಜೆಯಾಗುವಾಗ ಇಲ್ಲಿ ಊಟದ ಗಡಿಬಿಡಿ, ಆದರೂ ಸೌಟು ಕೆಳಗಿಟ್ಟು ತಿಯೋಟಿಯ ವಿಡಿಯೋ ಕಾಲ್ ಎತ್ತುತ್ತಿದ್ದ. ನಾನು ಸಿಕ್ಕಿದರೆ ಅದೇ ಪುರಾಣ.

"ಮೂವತ್ತಮೂರು ದ್ವೀಪ ಭಾವ, ಎಲ್ಲ ಸೇರಿಸಿದ್ರೂ ನಮ್ಮ ಠಾಣೆ ಜಿಲ್ಲೆಯ ಕಾಲು ಭಾಗ ಆಗುದಿಲ್ಲ. ಜಪಾನಿನವರ ಯುದ್ಧದ ಫಿರಂಗಿ ಇನ್ನೂ ದಂಡೆಯಲ್ಲಿ ಉಂಟು. ಇಂಗ್ಲಿಷರು ಹೋದದ್ದು ಎಪ್ಪತ್ತೊಂಬತ್ತರಲ್ಲಿ. ಮತ್ತೆ ಗೊತ್ತುಂಟಾ, ಅವರೂ ತೆಂಗಿನ ಕಳ್ಳು ಇಳಿಸ್ತಾರೆ! ಬೆಳಿಗ್ಗೆ ಸಂಜೆ ಮರದ ತುದಿಯಲ್ಲಿ ಕೂತು ಪದ ಹೇಳ್ತಾರಂತೆ. ನನ್ನ ಅಪ್ಪನ ಹಾಗೆ."

ಅಪ್ಪನ ಸುದ್ದಿ ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಆಟಿ ಅಂದರೆ ಆಷಾಢದ ಹೊತ್ತಿನ ತಿಂಗಳು, ಹೊಸ ಕೆಲಸಕ್ಕೆ ಆಗದ್ದು. ಆ ತಿಂಗಳಲ್ಲಿ ನಾವು ತುಳುವರು ತೀರಿಹೋದವರಿಗೆ ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಿ, ಅವರು ಉಂಡು ಮುಗಿಸುವವರೆಗೆ ಹೊರಗೆ ಕಾಯುತ್ತೇವೆ. ನನ್ನ ತಂಗಿ ಮೋಹಿನಿ ಹಿರಿಯರಿಗೆಂದು ಐದು ಎಲೆ ಹಾಕುತ್ತಿದ್ದಳು. ಮಗನಿಗೆ ಇಲ್ಲ.

"ಒಂದು ಹಿಡಿ ಬೂದಿಯಾದ್ರೂ ಈ ಮನೆಗೆ ಬರ್ಲಿ, ಮತ್ತೆ ಎಲೆ. ಮುಖ ಕೂಡ ನೋಡದೆ ಯಾರಿಗೆ ಬಡಿಸುದು ನಾನು?" ಎನ್ನುತ್ತಿದ್ದಳು. ಚೆನ್ನಯನಿಗೋ, ಮಗ ಏಳು ವರ್ಷದಿಂದ ಹಸಿದು ಕೂತಿದ್ದಾನೆ ಎಂಬ ಸಂಕಟ.

ಕಳೆದ ಆಟಿಯ ಮೊದಲ ವಾರ ತಿಯೋಟಿಯ ಫೋನು ಬಂತು. ಉಬ್ಬರದ ನೀರು ಗೋರಿಗಳ ತನಕ ಬರುತ್ತಿದೆ, ಅಪ್ಪನನ್ನು ಎತ್ತರದ ಜಾಗಕ್ಕೆ ಸಾಗಿಸುತ್ತೇವೆ, ನೀವು ಹೂಂ ಅಂದರೆ ಯತಿನನ ಎಲುಬನ್ನು ನಿಮ್ಮ ಪದ್ಧತಿಯಂತೆ ಸುಟ್ಟು ಬೂದಿ ಕಳಿಸುತ್ತೇನೆ ಎಂದ. ಚೆನ್ನಯ ಏದುಸಿರು ಬಿಡುತ್ತಾ ಠಾಣೆಯ ವರ್ತಕ ನಗರದ ನನ್ನ ಮನೆಗೆ ಓಡಿಬಂದ. ನಾನೊಬ್ಬ ಮಹಾ ಶಾಸ್ತ್ರ ಬಲ್ಲವನು ನೋಡಿ!

"ಆಟಿಯಲ್ಲಿ ಯಾರಾದ್ರೂ ಅಂಥ ಕೆಲಸಕ್ಕೆ ಕೈ ಹಾಕ್ತಾರಾ ಭಾವ? ಆಟಿ ಕಳೀಲಿ. ಏಳು ವರ್ಷ ಕಾದದ್ದಲ್ವಾ, ಇನ್ನೊಂದು ತಿಂಗಳು ಎಂತ! ಮೋಹಿನಿಗೆ ಈಗ್ಲೇ ಹೇಳುದು ಬೇಡ," ಎಂದೆ.

ಅವನು ನನ್ನ ಮಾತು ಮೀರುವವನಲ್ಲ. ತಿಯೋಟಿಗೆ ಹಾಗೆಯೇ ಹೇಳಿದ. ಇಬ್ಬರೂ ಒತ್ತಿಗೊತ್ತಿ ಮಲಗಿದವರು, ಒಟ್ಟಿಗೇ ತೆಗೆಯೋಣ ಎಂದು ತಿಯೋಟಿಯ ಮನೆಯವರೂ ಕಾದರು.

ಆಟಿ ಅಮಾವಾಸ್ಯೆಯ ಉಬ್ಬರಕ್ಕೆ ಎರಡೂ ಗೋರಿ ಕೊಚ್ಚಿಹೋದವು. ಮೊಣಕಾಲುದ್ದ ನೀರಿನಲ್ಲಿ ನಿಂತು ತಿಯೋಟಿ "ಸಾರಿ ಅಂಕಲ್, ಸಾರಿ" ಎಂದು ಫೋನಿನಲ್ಲಿ ಅಳುತ್ತಿದ್ದನಂತೆ.

ಅಂದು ಸಂಜೆ ಚೆನ್ನಯ ಮೋಹಿನಿಯ ಎದುರು ಎಲ್ಲ ಹೇಳಿದ. "ಅವನು ಮೊದಲೇ ಕೇಳಿದ್ದ. ನಾನೇ ಆಟಿ ಕಳೀಲಿ ಅಂದೆ." ನಾನು ಅಲ್ಲೇ ಕೂತಿದ್ದೆ. ನನ್ನ ಹೆಸರು ಅವನು ಎತ್ತಲಿಲ್ಲ. ನನ್ನ ನಾಲಿಗೆಗೆ ಹುಳ ಬೀಳಲಿ, ನಾನೂ ಬಾಯಿ ಬಿಡಲಿಲ್ಲ. ಮೂರು ದಿನ ಮೋಹಿನಿ ಗಂಡನ ಮುಖ ನೋಡಲಿಲ್ಲ.

ನಾಲ್ಕನೆಯ ದಿನ ನನಗೆ ಫೋನು ಮಾಡಿದಳು. "ಅಣ್ಣ, ಬರುವಾಗ ಬಾಳೆ ಎಲೆ ತಾ. ಏಳು ಬೇಕು."

ಆರನೆಯದು ಯತಿನನದು. ಏಳನೆಯದು ಯಾರಿಗೆಂದು ಕೇಳಿದೆ.

"ತಿಯೋಟಿಯ ಅಪ್ಪನಿಗೆ. ಇಷ್ಟು ವರ್ಷ ನನ್ನ ಮಗನ ಹತ್ತಿರ ಮಲಗಿದವರು. ನಮಗೋಸ್ಕರ ಕಾದು ಅವರೂ ಹೋದ್ರು."

ಕೋಳಿ ಸಾರು, ಕಡುಬು ಬಡಿಸಿದಳು. ಚೆನ್ನಯ ಕಲ್ಯಾಣದಿಂದ ಕಳ್ಳು ತಂದಿದ್ದ. ತನ್ನ ಅಪ್ಪನ ಎಲೆಯ ಬಳಿ ಒಂದು ಲೋಟ, ತಿಯೋಟಿಯ ಅಪ್ಪನ ಎಲೆಯ ಬಳಿ ಒಂದು ಲೋಟ ಇಟ್ಟ. ಬಾಗಿಲು ಮುಚ್ಚಿ ಮೂವರೂ ಹೊರಗೆ ಕೂತೆವು. ನನಗೆ ತಡೆಯಲಾಗಲಿಲ್ಲ.

"ಮೋಹಿನಿ, ಆಟಿ ಕಳೀಲಿ ಅಂದದ್ದು ನಾನು."

"ಗೊತ್ತುಂಟು ಅಣ್ಣ. ಇವರಿಗೆ ಅಷ್ಟು ಶಾಸ್ತ್ರ ಎಲ್ಲಿಂದ ಬರ್ಬೇಕು," ಎಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಪ್ರತಿ ವರ್ಷದಷ್ಟು ಹೊತ್ತು ಕಳೆಯಿತು. ಬಾಗಿಲು ತಟ್ಟಿ ತೆಗೆಯಲು ನಾನು ಎದ್ದೆ. ಮೋಹಿನಿ ನನ್ನ ಕೈ ಹಿಡಿದಳು.

"ಕೂತ್ಕೋ ಅಣ್ಣ. ಅವನಿಗೆ ಉಣ್ಲಿಕ್ಕೆ ಹೊತ್ತು ಬೇಕು."

ಚೆನ್ನಯ ಹೆಗಲ ಬೈರಾಸಿನಲ್ಲಿ ಮುಖ ಮುಚ್ಚಿಕೊಂಡ. ಆ ಬಾಗಿಲನ್ನು ನಾವು ಸಂಜೆಯವರೆಗೂ ತೆಗೆಯಲಿಲ್ಲ.