ಎ.ಶಾಂತಪ್ಪನವರ ಚುಕ್ಕೆ

ಶಾಂತಪ್ಪನವರು ಸಹಿ ಹಾಕುವುದನ್ನು ನೋಡಲೇಬೇಕು. 'ಎ' ಬರೆದು, ಪೆನ್ನು ಒತ್ತಿ ಚುಕ್ಕೆ ಇಟ್ಟು, ಅದನ್ನೊಮ್ಮೆ ನೋಡಿ, ಆಮೇಲೆ ಶಾಂತಪ್ಪ. ಎ ಅಂದರೆ ಅಮರಯ್ಯ, ಅವರ ಅಪ್ಪ. ರಾಯಚೂರಿನ ಹತ್ತಿ ಮಿಲ್ಲಿನಲ್ಲಿ ಹಮಾಲರಾಗಿದ್ದವರು, ಹೆಬ್ಬೆಟ್ಟಿನವರು. ಮಗನನ್ನು ಶಾಲೆಗೆ ಸೇರಿಸುವಾಗ "ಮುಂದ ನನ್ನದೂ ಒಂದ ಅಕ್ಷರ ಹಾಕ್ರಿ ಮಾಸ್ತರ" ಎಂದು ಕೇಳಿಕೊಂಡಿದ್ದರಂತೆ.

ಅಬಿಡ್ಸ್‌ನಲ್ಲಿ ಶಾಂತಪ್ಪನವರು ಇಪ್ಪತ್ತು ವರ್ಷ ಕಂಪ್ಯೂಟರ್ ರಿಪೇರಿ ಮಾಡಿದ ಅಂಗಡಿ ಮುಚ್ಚಿತು. ಐವತ್ತೆರಡನೇ ವಯಸ್ಸಿನಲ್ಲಿ ಮೆಹದಿಪಟ್ಟಣಂನ ನಮ್ಮ ಪುಟ್ಟ ಕಂಪನಿಗೆ ಬಂದರು, ಮೂರು ತಿಂಗಳ ಪರೀಕ್ಷೆಯ ಮೇಲೆ. ನಾವು ಬಸ್ಸಿನ ಸಮಯ ತೋರಿಸುವ ಬೋರ್ಡು ಮಾಡುತ್ತೇವೆ. ಒಳಗೊಂದು ಲಿನಕ್ಸ್ ಪೆಟ್ಟಿಗೆ, ಅಂದರೆ ಪುಟ್ಟ ಕಂಪ್ಯೂಟರ್. ನೆಟ್‌ವರ್ಕ್ ಹೋಗಿ ಬಂದ ಕೂಡಲೇ ಬೋರ್ಡು ತಾನಾಗಿಯೇ ಹೊಸ ಸಮಯ ತರಿಸಿಕೊಳ್ಳಬೇಕು. ಅದು ಶಾಂತಪ್ಪನವರ ಕೆಲಸ. ಕೊನೆಯ ದಿನ ನಾಲ್ಕು ಗಂಟೆಗೆ ಮ್ಯಾನೇಜರ್ ವಿಶ್ವಜಿತ್ ನೋಡುವವರಿದ್ದರು. ಆಗದಿದ್ದರೆ ನೌಕರಿ ಇಲ್ಲ.

ಇದಕ್ಕೆಂದೇ ಒಂದು ಫೋಲ್ಡರ್ ಇರುತ್ತದೆ. ನೆಟ್‌ವರ್ಕ್ ಬಂದಾಗ ಅದರೊಳಗಿನ ಸ್ಕ್ರಿಪ್ಟುಗಳು, ಅಂದರೆ ಯಂತ್ರಕ್ಕೆ ಬರೆದಿಟ್ಟ ಆಜ್ಞೆಗಳ ಕಡತಗಳು, ಅಕ್ಷರಮಾಲೆಯ ಸಾಲಿನಲ್ಲಿ ಒಂದೊಂದಾಗಿ ಓಡುತ್ತವೆ. ಶಾಂತಪ್ಪನವರದು ಮಾತ್ರ ಓಡಲಿಲ್ಲ. ಕೈಯಾರೆ ಓಡಿಸಿದರೆ ಓಡುತ್ತದೆ! ತಪ್ಪು ಇಂಥದ್ದು ಎಂದು ಯಂತ್ರ ತುಟಿ ಬಿಚ್ಚದು. ಕೇಬಲ್ ಕಿತ್ತು ಹಾಕಿ, ಕಿತ್ತು ಹಾಕಿ ನನ್ನ ತಲೆ ಕೆಟ್ಟಿತು. ಅವರಿಗೋ ಕುತೂಹಲ ಏರುತ್ತಲೇ ಇತ್ತು.

"ಅನುರಾಧಾ ತಂಗಿ, ಉಳದವ್ನೆಲ್ಲಾ ಕರೀತೈತಿ, ನನ್ನಷ್ಟ ಯಾಕ ಕರೀವಲ್ದು?"

ಕೊನೆಯ ದಿನ ಊಟ ಬಿಟ್ಟು ಉಳಿದ ಸ್ಕ್ರಿಪ್ಟುಗಳ ಹೆಸರುಗಳನ್ನು ಓದಿದರು. ಆಮೇಲೆ ಕೈಪಿಡಿ ತೆರೆದರು. ಮೂರೂ ಮುಕ್ಕಾಲಿಗೆ ಕೂಗಿದರು: "ಸಿಕ್ತು! ಹೆಸರಿನ್ಯಾಗ ಚುಕ್ಕಿ ಇದ್ರ ಮುಟ್ಟಂಗಿಲ್ಲಂತ!"

ಸಾಫ್ಟ್‌ವೇರ್ ಪ್ಯಾಕೇಜು ಹೊಸದಾದಾಗ ಹಳೆಯ ಪ್ರತಿಗಳು ಹೆಸರಿಗೊಂದು ಚುಕ್ಕೆಯ ಬಾಲ ಅಂಟಿಸಿಕೊಂಡು ಅಲ್ಲೇ ಉಳಿಯುವುದುಂಟು. ಅವು ಓಡಬಾರದೆಂದು ಈ ನಿಯಮ. ನಮ್ಮ ಪುಣ್ಯಾತ್ಮರು ಸ್ಕ್ರಿಪ್ಟಿಗೂ ಸಹಿ ಹಾಕಿದ ಹಾಗೆ ಎ.ಶಾಂತಪ್ಪ ಎಂದೇ ಇಂಗ್ಲಿಷಿನಲ್ಲಿ ಹೆಸರಿಟ್ಟಿದ್ದರು.

"ಆ ಎ, ಚುಕ್ಕೆ ಎರಡನ್ನೂ ತೆಗೆದುಬಿಡಿ ಸರ್" ಎಂದೆ.

ಅವರ ಕೈ ಕೀಬೋರ್ಡಿನ ಮೇಲೆ ನಿಂತಿತು. "ನನ್ನ ನೌಕರಿ ಉಳೀಲಿ ಅಂತ ಅಪ್ಪನ್ನ ಹೊರಗ ನಿಂದ್ರಸಲೇನವ್ವ?"

ನನಗೆ ನಾಚಿಕೆಯಾಯಿತು. ಹತ್ತೇ ನಿಮಿಷ ಉಳಿದಿತ್ತು, ಆದರೂ ಅವರು ಮತ್ತೆ ಕೈಪಿಡಿ ಓದಿದರು. ಚುಕ್ಕೆ ಸಲ್ಲದು, ನಡುವೆ ಅಡ್ಡಗೆರೆ ಸಲ್ಲುತ್ತದೆ. ಅಪ್ಪನ ಹೆಸರನ್ನು ಪೂರ್ತಿ ಬರೆದು, ಗೆರೆ ಹಾಕಿ, ತಮ್ಮದನ್ನು ಸೇರಿಸಿದರು: ಅಮರಯ್ಯ-ಶಾಂತಪ್ಪ.

ವಿಶ್ವಜಿತ್ ಬಂದು ಕೇಬಲ್ ಕಿತ್ತರು, ಮತ್ತೆ ಹಾಕಿದರು. ಬೋರ್ಡು ಒಮ್ಮೆ ಕಪ್ಪಾಯಿತು. ಆಮೇಲೆ ಬಸ್ಸುಗಳ ಸಮಯ ಸಾಲಾಗಿ ಮೂಡಿತು.

"ಕಲ್ ಸೇ ಪರ್ಮನೆಂಟ್" ಎಂದು ನಾಳೆಯಿಂದ ನೌಕರಿ ಕಾಯಂ ಮಾಡಿದ ವಿಶ್ವಜಿತ್, ಓಡಿದ ಸ್ಕ್ರಿಪ್ಟುಗಳ ಪಟ್ಟಿ ಮೂಡಿದ್ದ ಪರದೆಯತ್ತ ಬಗ್ಗಿದರು. "ಲೇಕಿನ್ ಯೇ ಅಮರಯ್ಯ ಕೌನ್ ಹೈ? ಸಬ್ ಸೇ ಪಹಲೇ ಯಹೀ ಚಲಾ." ಅಕ್ಷರಮಾಲೆಯ ಸಾಲಿನಲ್ಲಿ ಎಲ್ಲಕ್ಕಿಂತ ಮೊದಲು ಓಡಿದ ಈ ಅಮರಯ್ಯ ಯಾರು ಎಂಬುದು ಅವರ ಪ್ರಶ್ನೆ.

ಶಾಂತಪ್ಪನವರ ಕಣ್ಣು ತುಂಬಿತ್ತು. ಹಿಂದಿ ಬಾಯಿಗೆ ಬರಲಿಲ್ಲ. ನನ್ನ ಕಡೆ ತಿರುಗಿದರು.

"ಅಪ್ಪ ಹಂಗ ಇದ್ರವ್ವ. ಮಿಲ್ಲಿನ ಗೇಟಿಗೆ ಎಲ್ಲಾರಕಿಂತ ಮೊದಲ ಹೋಗಿ ನಿಂದರತಿದ್ರು."