ಗಾಜಿನ ಕೊಳವೆಯ ಕೆಂಪು

ಕಣ್ಣಿಗೆ ಕಾಣದ್ದನ್ನು ನಂಬುವ ಜಾತಿಯವಳಲ್ಲ ನಾನು. ದೆವ್ವ, ಮಾಟ, ಮೈಮೇಲೆ ಬರುವುದು ಎಂದು ಯಾರಾದರೂ ಶುರುಮಾಡಿದರೆ ಎದ್ದು ಹೋಗುತ್ತಿದ್ದೆ. ಈಗಲೂ ಅವನ್ನು ನಂಬುವುದಿಲ್ಲ. ಆದರೆ ಎಪ್ಪತ್ತರ ದಶಕದ ಆರಂಭದಲ್ಲಿ ಒಂದು ಮಧ್ಯಾಹ್ನ ಈ ನನ್ನ ಕಣ್ಣಿಗೇ ಕಂಡದ್ದನ್ನು ಏನು ಮಾಡಲಿ?

ಆಗ ನಾನು ಸೂಲಿಬೆಲೆ ಕಡೆಯ ಒಂದು ಹಳ್ಳಿಯ ಹೆರಿಗೆ ಕೇಂದ್ರದಲ್ಲಿ ನರ್ಸು. ಬುಧವಾರ ಬಸುರಿಯರ ಮೂತ್ರ ಪರೀಕ್ಷೆ. ಗಾಜಿನ ಕೊಳವೆಯಲ್ಲಿ ನೀಲಿ ದ್ರಾವಣ ಹಾಕಿ, ಎಂಟು ಹನಿ ಮೂತ್ರ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕುದಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಇಟ್ಟಿಗೆ ಕೆಂಪಾದರೆ ಸಕ್ಕರೆ ಹೆಚ್ಚು, ಬೆಂಗಳೂರಿಗೆ ಕಳಿಸಬೇಕು. ದೂರದ ಬಸುರಿಯರು ತಾವು ಬರದೆ ಶೀಶೆ ಕಳಿಸಿಬಿಡುತ್ತಿದ್ದರು. ನಾನೂ ಬೇಡವೆನ್ನುತ್ತಿರಲಿಲ್ಲ, ಗುಂಪು ಕಡಿಮೆಯಾದರೆ ನನಗೂ ಸುಖ.

ಜಯಮ್ಮನ ಶೀಶೆಯನ್ನು ಅವಳ ಅತ್ತೆ ಮುನಿಯಮ್ಮ ಸೆರಗಿನಲ್ಲಿ ಮುಚ್ಚಿಕೊಂಡು ತಂದಳು. ಜಯಮ್ಮನಿಗೆ ಏಳು ತಿಂಗಳು ತುಂಬಿತ್ತು. ಮೊದಲಿನ ಎರಡು ಕೂಸುಗಳೂ ಹೊಟ್ಟೆಯಲ್ಲೇ ಹೋಗಿದ್ದವು. ಇದೂ ಹೋದರೆ ಗಂಡನಿಗೆ ಬೇರೆ ಹೆಣ್ಣು ತರುವುದೆಂದು ಮನೆಯಲ್ಲಿ ಮಾತಾಗಿತ್ತು. ಕುದಿಸಿದೆ. ತಿಳಿ ನೀಲಿ. ಮುನಿಯಮ್ಮನ ಎದುರಿಗೇ ಪುಸ್ತಕದಲ್ಲಿ ‘ಸಕ್ಕರೆ ಇಲ್ಲ’ ಎಂದು ಬರೆದು, ಏನೂ ತೊಂದರೆಯಿಲ್ಲ, ಹೋಗು ಎಂದೆ.

ಊಟ ಮಾಡಿ ಬಂದು ನೋಡುತ್ತೇನೆ, ಸ್ಟ್ಯಾಂಡಿನಲ್ಲಿದ್ದ ಅದೇ ಕೊಳವೆ ಇಟ್ಟಿಗೆ ಕೆಂಪಾಗಿದೆ. ಕೋಣೆಗೆ ಬೀಗ ಹಾಕಿದ್ದೆ, ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ಕೊಳವೆಗೆ ಅಂಟಿಸಿದ್ದ ಜಯಮ್ಮನ ಹೆಸರಿನ ಚೀಟಿ ನನ್ನದೇ ಅಕ್ಷರ. ಶೀಶೆಯಲ್ಲಿ ಮಿಕ್ಕಿದ್ದನ್ನು ಬೇರೆ ಕೊಳವೆಯಲ್ಲಿ ಕುದಿಸಿದೆ. ನೀಲಿ. ಇನ್ನೊಂದು ಸಲ ಕುದಿಸಿದೆ, ಆಗಲೂ ನೀಲಿ. ಪಕ್ಕದಲ್ಲಿ ಆ ಕೆಂಪು ಹಾಗೇ ಇತ್ತು. ಡಾಕ್ಟರಿಗೆ ಹೇಳಿದರೆ ನಗುತ್ತಾರೆ, ಇಲ್ಲವೇ ದ್ರಾವಣ ದಂಡ ಮಾಡಿದೆ ಎಂದು ಬೈಯುತ್ತಾರೆ. ಜಯಮ್ಮನನ್ನೇ ಕರೆಸೋಣ ಎಂದು ಒಂದು ಗಳಿಗೆ ಅನ್ನಿಸಿದ್ದು ನಿಜ. ಬರೆದದ್ದನ್ನು ಹೊಡೆದುಹಾಕಲು ಮನಸ್ಸಾಗಲಿಲ್ಲ. ಕೊಳವೆ ತೊಳೆದುಬಿಟ್ಟೆ.

ಐದು ವಾರಕ್ಕೆ ಜಯಮ್ಮನ ಕೂಸು ಹೊಟ್ಟೆಯಲ್ಲೇ ಸತ್ತಿತು. ದಿನ ತುಂಬುವ ಮೊದಲೇ ತಿಂಗಳ ಮಗುವಿನಷ್ಟು ದಪ್ಪಗಿದ್ದ ಗಂಡು. ಬೆಂಗಳೂರಿನಲ್ಲಿ ಪರೀಕ್ಷಿಸಿದಾಗ ಅವಳಿಗೆ ಸಕ್ಕರೆ ವಿಪರೀತವಿತ್ತು. ಸುದ್ದಿ ತಿಳಿದ ಮಾರನೆಯ ದಿನ ಮುನಿಯಮ್ಮ ಬಂದು ಕೇಂದ್ರದ ಬಾಗಿಲಲ್ಲಿ ನೆಲದ ಮೇಲೆ ಕೂತಳು.

“ಆ ಶೀಶೇಲಿದ್ದಿದ್ದು ಅವಳ್ದಲ್ಲ ನರ್ಸಮ್ಮ, ನಂದು. ಎರಡು ಹೋಗಿತ್ತಲ್ಲ, ಬಸುರಿದು ಹೊರಗಡೆ ಕೊಟ್ರೆ ಯಾರಾದ್ರೂ ಮಾಟ ಮಾಡಿಸ್ತಾರೆ ಅಂತ ಹೆದರ್ಕೊಂಡೆ. ನಾನೇ ಕೊಂದ್ಬಿಟ್ಟೆ.”

ಮುನಿಯಮ್ಮನಿಗೆ ಸಕ್ಕರೆ ಇರಲಿಲ್ಲ, ಸರಿ. ಹಾಗಾದರೆ ಕೆಂಪಾದದ್ದು ಏನು? ಅತ್ತ ಸುಳಿಯದ ಹೆಂಗಸಿನ ಸಕ್ಕರೆ ಬೀಗ ಹಾಕಿದ ಕೋಣೆಯೊಳಗೆ ಹೇಗೆ ಬಂತು? ತಿಳಿದವರನ್ನು ಕೇಳಿದ್ದೇನೆ, ಕೊಳವೆ ಸರಿಯಾಗಿ ತೊಳೆದಿರಲಿಲ್ಲ ಎನ್ನುತ್ತಾರೆ. ತೊಳೆದವಳು ನಾನು, ನನಗೆ ಗೊತ್ತಿಲ್ಲವೆ?

ಕೊಳವೆ ಕೆಂಪಾದದ್ದನ್ನು ನಾನು ನೋಡಿದ್ದೆ ಎಂದು ಅವಳಿಗೆ ಅಂದೇ ಹೇಳಬೇಕಿತ್ತು. ಜಯಮ್ಮನನ್ನು ತವರಿಗೆ ಅಟ್ಟಿದರು. ಮುನಿಯಮ್ಮ ಮೊಮ್ಮಗನನ್ನು ತಾನೇ ಕೊಂದೆನೆಂದು ಸಾಯುವವರೆಗೂ ಕಂಡಕಂಡವರಿಗೆ ಹೇಳಿಕೊಂಡಳು. ನನ್ನೆದುರಿಗೂ ಎಷ್ಟೋ ಸಲ ಹೇಳಿದಳು, ನಾನು ಕೇಳಿಸಿಕೊಂಡು ಸುಮ್ಮನಿದ್ದೆ.