ಬೀಗರು ತೊಡಿಸಿದ ಕಡಗ

೧೯೬೯ರಲ್ಲಿ ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂಡದೆ ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹಿಂದಿನ ಗ್ಯಾರೇಜಿಗೆ ಕೆಲಸ ಕೇಳಲು ಹೋದಾಗ ಮೊದಲು ಕಣ್ಣಿಗೆ ಬಿದ್ದದ್ದು ಮಿಸ್ತ್ರಿಯ ಎಡಗೈಯ ಉಂಗುರ ಬೆರಳು. ಬುಡದಲ್ಲಿ ಸುತ್ತಲೂ ಸುಟ್ಟು, ದಾರ ಬಿಗಿದಂತೆ ಚರ್ಮ ಒಳಗಿಳಿದಿತ್ತು. ಬೆರಳು ಕಟ್ಟಿಗೆಯ ಹಾಗೆ ಸೆಟೆದಿತ್ತು. ನಾನು ನೋಡುವುದನ್ನು ಅವರು ನೋಡಿದರು.

"ಏನ್ ನೋಡ್ತೀಯೋ? ನನ್ನ ಮದುವಿ ಉಂಗುರದ ಗುರುತು ಅದು. ಒಂದ್ ಕಡೆ ಬ್ಯಾಟರಿ, ಒಂದ್ ಕಡೆ ಗಾಡಿ ತಗಡು, ನಡುವ ನನ್ನ ಉಂಗುರ. ಕೆಂಪಗ ಕಾದ್ಬಿಡ್ತು."

ಕಾರಿಗೆ ಆಂಪ್ಲಿಫೈಯರ್ ಕೂಡಿಸಿ, ನೆತ್ತಿಯ ಟಪ್ಪದ ಮೇಲೆ ಹಾಡು ಕೂಗುವ ಭೋಂಗಾ ಕಟ್ಟುವುದು ಅವರ ಕಸುಬು. ಸಿನಿಮಾದ ಜಾಹೀರಾತಿನವರು, ಮದುವೆಯವರು, ಕಿತ್ತೂರಿನಿಂದ ಸವದತ್ತಿಯ ತನಕ ಎಲ್ಲರೂ ಅವರ ಹತ್ತಿರವೇ ಬರುತ್ತಿದ್ದರು, ಬೈಸಿಕೊಂಡೂ ಬರುತ್ತಿದ್ದರು. ಬಾಯಿ ಅಷ್ಟು ಕೆಟ್ಟದ್ದು. ಒಮ್ಮೆ ದೊಡವಾಡದ ಡ್ರೈವರನೊಬ್ಬ ಬರಿಮೈಯಲ್ಲಿ ಬಾನೆಟ್ಟಿನೊಳಗೆ ಬಗ್ಗಿದ. ನಡುವಿನಲ್ಲಿ ಬೆಳ್ಳಿಯ ಉಡದಾರ.

"ಉಡದಾರ ಬಿಚ್ಚಲೇ."

"ಮಂದಿ ಮುಂದ ಹೆಂಗ್ ಬಿಚ್ಚಲ್ರಿ?"

"ಹೆಣ್ತಿ ಮುಂದ ಬಿಚ್ಚಾಕ ನಾಚಿಕಿಲ್ಲ, ಬ್ಯಾಟರಿ ಮುಂದ ನಾಚಿಕೆನ ನಿಂಗ? ಅಕಿ ಬೈದು ಬಿಡ್ತಾಳ, ಇದು ಸುಟ್ಟು ಬಿಡ್ತದ."

ಉಂಗುರ, ಗಡಿಯಾರ, ತಾಯತ ಎಲ್ಲವೂ ಒಂದು ಹಿತ್ತಾಳೆ ತಾಟಿಗೆ ಬೀಳಬೇಕು, ಆಮೇಲೆ ಬ್ಯಾಟರಿ. ಮೊದಲು ಬ್ಯಾಟರಿಯನ್ನು ಗಾಡಿಯ ತಗಡಿಗೆ ಕೂಡಿಸುವ ಅರ್ಥಿನ ವಾಯರು ಬಿಚ್ಚುವುದು, ಕೊನೆಗೆ ಅದನ್ನೇ ಕಟ್ಟುವುದು. ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಜು, ವಾಯರು ಕಾಯುವ ಮೊದಲು ಅದು ಸುಟ್ಟು ಹೋಗಬೇಕು. ವಾಯರು ತಗಡಿನ ತೂತಿನಲ್ಲಿ ನುಸುಳುವಲ್ಲಿ ಸೈಕಲ್ ಟ್ಯೂಬಿನ ತುಂಡು. "ಗಾಡಿ ನಡುಗ್ತದ, ತಗಡು ಕೊಯ್ತದ. ಟ್ಯೂಬ್ ಇಲ್ಲಂದ್ರ ವಾಯರಿನ ಕುತ್ತಿಗಿ ಕೊಯ್ದಂಗ" ಎನ್ನುವರು. ನಾನು ಒಮ್ಮೆ ಕೇಳಿ ಕಲಿತವನು. ಎರಡನೆಯ ಸಲ ಹೇಳಿಸಿಕೊಂಡಿಲ್ಲ.

೧೯೭೬ರಲ್ಲಿ ಅವರ ಒಬ್ಬಳೇ ಮಗಳ ಮದುವೆ ಆಯಿತು. ವರ ರಾಮದುರ್ಗ ತಾಲೂಕಿನ ತೊರಗಲ್ಲಿನವನು, ಮದುವೆಯೂ ಅಲ್ಲೇ. ತಾಯಿಯಿಲ್ಲದ ಮಗಳು. ಅವಳ ಮೆರವಣಿಗೆಯ ಕಾರಿಗೆ ಮಿಸ್ತ್ರಿ ತಾವೇ ಆಂಪ್ಲಿಫೈಯರ್ ಕೂಡಿಸಿದರು. ನಾನು ಡ್ರೈವರ್. ಅಕ್ಷತೆ ಆದ ಮೇಲೆ ವರನ ತಾಯಿ ಉಡುಗೊರೆ ಕೊಡುವ ಆಯೇರದಲ್ಲಿ ಮಿಸ್ತ್ರಿಯ ಬಲಗೈಗೆ ಬೆಳ್ಳಿಯ ಕಡಗ ಒತ್ತಿ ತೊಡಿಸಿದರು.

"ಸೊಸಿ ಹೊಸ್ತಲಾ ದಾಟೂತನ ತಗೀಬಾರದ್ರಿ, ಬೀಗರ. ನಮ್ಮ ಮನೆತನದ ಪದ್ಧತಿ."

"ಆತ್ರಿ" ಎಂದರು ಮಿಸ್ತ್ರಿ. ಅವರು ಯಾರಿಗಾದರೂ ಹಾಗೆ ತಲೆಬಾಗಿ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಕಡಗ ಬಿಗಿಯಾಗಿತ್ತು, ಮಣಿಕಟ್ಟಿನ ಗಂಟಿನ ಕೆಳಗೆ ಕೂತುಬಿಟ್ಟಿತು.

ನಾವು ಊಟಕ್ಕೆ ಕೂತಾಗ ವರನ ಅಣ್ಣ ಕಾರಿಗೆ ಇನ್ನೂ ಎರಡು ಭೋಂಗಾ ಕಟ್ಟಿಸಿದ್ದ. ಮದುಮಗಳು ಒಳಗೆ ಕೂತ ಮೇಲೆ ಅವುಗಳ ಹಗ್ಗವನ್ನು ಹಿಂದಿನ ಬಾಗಿಲುಗಳ ಮೇಲೆ ಬಿಗಿದರು. ಆಂಪ್ಲಿಫೈಯರನ್ನು ಆಚೀಚೆ ಸರಿಸುವಾಗ ವಾಯರು ಎಳೆದು, ಟ್ಯೂಬಿನ ತುಂಡು ಕಿತ್ತು ಬಂದಿತ್ತು. ಮೆರವಣಿಗೆಯ ನಡುವೆ ಫ್ಯೂಜು ಹೋಗಿ ಹಾಡು ನಿಂತಿತು. ವರ ಮುಂದೆ ಕುದುರೆಯ ಮೇಲಿದ್ದ, ಮಿಸ್ತ್ರಿ ಅವನ ಪಕ್ಕ ಬೀಗರ ಜೊತೆ ನಡೆಯುತ್ತಿದ್ದರು. ಅವರನ್ನು ಕರೆಯೋಣವೆಂದು ನಾನು ಹೇಳುವಷ್ಟರಲ್ಲಿ ವರನ ಅಣ್ಣ ಬಾನೆಟ್ಟು ಎತ್ತಿ, ಸಿಗರೇಟಿನ ಪಾಕೀಟಿನ ಬೆಳ್ಳಿ ಕಾಗದವನ್ನು ಫ್ಯೂಜಿಗೆ ಸುತ್ತಿ ಕೂಡಿಸಿದ. ಹಾಡು ಮತ್ತೆ ಎದ್ದಿತು. ಮಂದಿ ಸಿಳ್ಳೆ ಹೊಡೆದರು.

ಬಹಳ ದೂರ ಹೋಗಲಿಲ್ಲ. ನನ್ನ ಕಾಲ ಬಳಿ ಹೊಗೆ ಬಂತು. ವಾಯರು ತಗಡಿಗೆ ಅಂಟಿ ಕೆಂಪಾಗಿತ್ತು, ಕೆಳಗೆ ಪೆಟ್ರೋಲಿನ ನಳಿಗೆ. ಇಂಜಿನ್ ಬಂದ್ ಮಾಡಿದೆ, ವಾಯರು ಆರಲಿಲ್ಲ. ನನ್ನ ಬಾಗಿಲಿಗೆ ಕುಣಿಯುವ ಮಂದಿ ಒತ್ತಿ ನಿಂತಿದ್ದರು, ಹಿಂದಿನ ಬಾಗಿಲಿಗೆ ಹಗ್ಗ. ಒಳಗೆ ಮದುಮಗಳು ಕೆಮ್ಮುತ್ತ "ಅಪ್ಪಾ" ಎಂದು ಕೂಗಿದಳು.

ಮಿಸ್ತ್ರಿ ಮಂದಿಯನ್ನು ನೂಕಿಕೊಂಡು ಬಂದು ಬಾನೆಟ್ಟು ಎತ್ತಿದರು. ಬಾನೆಟ್ಟಿನ ಸಂದಿಯಿಂದ ಅವರ ಕೈಗಳಷ್ಟೇ ನನಗೆ ಕಾಣುತ್ತಿದ್ದವು. ಅರ್ಥು ಬಿಚ್ಚಲು ನಟ್ಟು ತಿರುಗಿಸುವ ಪಾನಾ ಬೇಕು, ಅದು ಡಿಕ್ಕಿಯಲ್ಲಿ, ಅವರು ಮದುವೆಯ ಧೋತರದಲ್ಲಿದ್ದರು. ಎಡಗೈ ಹಾಕಿ ವಾಯರು ಎಳೆದರು, ಆ ಸೆಟೆದ ಬೆರಳಿನ ಕೈಗೆ ಹಿಡಿತ ಸಿಗಲಿಲ್ಲ. ಕಡಗ ಜಾರಿಸಲು ನೋಡಿದರು, ಬರಲಿಲ್ಲ. ಆಮೇಲೆ ಬಲಗೈ ಹಾಕಿದರು.

ಚಟ್ ಎಂದಿತು. ಬ್ಯಾಟರಿಗೂ ತಗಡಿಗೂ ನಡುವೆ ಕಡಗ ಕೆಂಡವಾಯಿತು. ವಾಯರು ಕಿತ್ತು ಬರುವ ತನಕ ಅವರು ಕೈ ಬಿಡಲಿಲ್ಲ. ಹಾಡು ನಿಂತಾಗ ಊರಿಗೆಲ್ಲ ಕೇಳಿದ್ದು ಅವರ ದನಿ.

ಬೀಗರ ಮನೆಯ ಕಟ್ಟೆಯ ಮೇಲೆ ನೀರಿನ ಕೊಡದಲ್ಲಿ ಕೈ ಅದ್ದಿ ಕೂತರು. ಕಡಗ ಮಾಂಸದೊಳಗೆ ಇಳಿದಿತ್ತು. ಕೊಯ್ಯಲು ನಾನು ಡಿಕ್ಕಿಯಿಂದ ಗರಗಸ ತಂದೆ.

"ತಡಿಯೋ. ಅಕಿ ಹೊಸ್ತಲಾ ದಾಟ್ಲಿ."

"ಕೈ ಹೋಗ್ತದರೀ!"

"ಹೊಸಾ ಮನಿ ಅಕಿದು. ಮೊದಲನೇ ದಿನಾನ ಅಕಿಗೆ ಮಂದಿ ಮಾತ ಕೇಳಸಬ್ಯಾಡ."

ವರನ ತಾಯಿಯೇ ಅಳುತ್ತ "ತಗೀರಿ, ಬೀಗರ, ಪದ್ಧತಿ ಸುಡ್ಲಿ" ಎಂದರು. ಮಿಸ್ತ್ರಿ ತಲೆ ಅಲ್ಲಾಡಿಸಿದರು. ಆರತಿ ಆಯಿತು, ಮಗಳು ಅಕ್ಕಿಯ ಸೇರು ಒದ್ದು ಒಳಗೆ ಕಾಲಿಟ್ಟಳು. ಆಗ ಕೈ ನೀಡಿದರು. ಕೊಯ್ದವನು ನಾನೇ.

ಅವರಿಗೆ ಸಕ್ಕರೆ ಬೇನೆ. ಗಾಯ ಮಾಯಲಿಲ್ಲ. ಹುಬ್ಬಳ್ಳಿಯ ದವಾಖಾನೆಯಲ್ಲಿ ಮೊದಲು ಮಣಿಕಟ್ಟಿಗೆ ಕತ್ತರಿಸಿದರು, ಆಮೇಲೆ ಮೊಣಕೈಗೆ. ಗೊತ್ತಿದ್ದೂ ಯಾಕೆ ಕೈ ಹಾಕಿದಿರಿ ಎಂದು ಅಲ್ಲಿ ಕೇಳಿದೆ. ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದರು.

"ಮತ್ತ ಯಾರು ಹಾಕಬೇಕಿತ್ತಲೇ? ಮಗಳೂ ಒಳಗಿದ್ಲು, ನೀನೂ ಒಳಗಿದ್ದಿ."

ಮಳೆ ಬೀಳುವ ಮೊದಲೇ ತೀರಿಹೋದರು. ಆ ಹಿತ್ತಾಳೆ ತಾಟು ಈಗ ನನ್ನ ಬಾಗಿಲಲ್ಲಿದೆ. ಗಿರಾಕಿ ಎಷ್ಟೇ ದೊಡ್ಡವನಿರಲಿ, ಬಂಗಾರ ಅದರಲ್ಲಿ ಬಿದ್ದ ಮೇಲೆಯೇ ನಾನು ಬಾನೆಟ್ಟು ಎತ್ತುವುದು.

ಇವತ್ತು ನನಗೆ ಸ್ವಂತದ್ದು ಒಂದು ಗ್ಯಾರೇಜು, ಒಂದು ಮನೆ, ಎರಡು ಗಾಡಿ. ಒಬ್ಬಳು ಹೆಂಡತಿ, ಮೂವರು ಮಕ್ಕಳು. ಕೈಗೆ ಹತ್ತು ಬೆರಳು. ಉಂಗುರ ಒಂದೂ ಇಲ್ಲ.